ನಿಂತ ಮಗ್ಗದ ಸದ್ದು

ಕೆರೆ ಕೋಡಿ ಹರಿದು ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ನೀರು ನುಗ್ಗಿದ ಮೇಲೆ ಒಂದು ಮಗ್ಗವೂ ಓಡಲಿಲ್ಲ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದವರು ನಾವು. ಈಗ ಪಕ್ಕದ ಮನೆಯವರು ಉಸಿರಾಡುವುದೂ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ನಮ್ಮ ಮುಚ್ಚಿದ ಮಗ್ಗದ ಕೋಣೆಯಿಂದ ಸದ್ದು ಬಂತು. ಟಕ್... ಟಕ್... ಕರೆಂಟ್ ಇರಲಿಲ್ಲ.

"ಕೇಳಿಸ್ತಾ?" ಅಂದರು ಅಪ್ಪ.

ನಾನು ತಲೆಯಾಡಿಸಿದೆ.

"ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಐತಲ್ಲ, ಅದು ಕರೀತೈತೆ," ಅಂದಳು ಅಜ್ಜಿ. "ಸತ್ತ ಮಗ್ಗದ ಮೇಲೆ ಸೀರೆ ಬಿಡ್ಬಾರ್ದು. ಕುಯ್ದು ಕೆರೆಗೆ ಬಿಡು ನರಸಿಂಹ." ನಮ್ಮ ಬೀದಿಯಲ್ಲಿ ಹಿಂದಿನಿಂದಲೂ ಅದೇ ಪದ್ಧತಿ.

"ಮಗ್ಗಾನೂ ಹೋಗ್ಲಿ ಬಿಡಮ್ಮ. ಗುಜರಿಯವನಿಗೆ ಹೇಳಿದೀನಿ, ಸಂಜೆ ಬರ್ತಾನೆ."

ಬಾಗಿಲು ತೆಗೆದೆವು. ಗೋಡೆಯ ಮೇಲೆ ನೀರಿನ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ಕೆಂಪು ಸೀರೆ ಕೆಸರು ಹೀರಿ ಒದ್ದೆ ಚರ್ಮದಂತೆ ಜೋತಿತ್ತು. ಒಳಗೆ ಕಾಲಿಟ್ಟೊಡನೆ ಸದ್ದು ನಿಂತಿತು.

ಅಪ್ಪ ಕತ್ತರಿ ಎತ್ತಿದರು.

"ಕುಯ್ಬೇಡ ನರಸಿಂಹಣ್ಣಾ!" ಎದುರುಮನೆಯ ಗಂಗಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತಿದ್ದರು.

"ನೀನು ನೀರಿಳಿದ ದಿನಾನೇ ನಿನ್ ಸೀರೆ ಕುಯ್ದು ಬಿಟ್ಯಲ್ಲವ್ವಾ," ಅಂದರು ಅಪ್ಪ.

"ಅದಕ್ಕೇ ಹೇಳ್ತಿರೋದು. ಎಲ್ಲಾ ತೊಳ್ದು, ಸುಣ್ಣ ಬಳ್ದು, ಪೂಜೆ ಮಾಡಿ ಬ್ಯಾಂಕಿಗೆ ಹೋದೆ. ಏನ್ ಹಾಳಾಗಿದೆ ತೋರ್ಸಿ ಅಂದ್ರು. ಏನ್ ತೋರಿಸ್ಲಿ, ರಂಗೋಲೀನಾ?"

"ಹಳೇ ಸಾಲಾನೇ ತೀರಿಲ್ಲ. ಮತ್ತೆ ಯಾರ್ ಕೊಡ್ತಾರೆ?"

"ನೆರೆ ಬಂದೈತೆ, ಕಂತು ಮುಂದಕ್ಕೆ ಹಾಕಿ ಅಂತ ಕೇಳ್ಬೋದು. ರಿಪೇರಿಗೆ ಹೊಸ ಸಾಲಾನೂ ಕೇಳ್ಬೋದು. ಸಣ್ಣ ಕಸುಬಿಗೆ ಅಡಮಾನ ಇಲ್ದೆ ಮುದ್ರಾ ಸಾಲ ಐತೆ. ಕೊಟ್ಟೇ ಕೊಡ್ತಾರೆ ಅಂತ ನಾನ್ ಹೇಳಲ್ಲ. ಆದ್ರೆ ಮಗ್ಗ ಗುಜರಿಗೆ ಹೋದ್ಮೇಲೆ ಯಾವ ಮಗ್ಗಕ್ಕೆ ಸಾಲ ಕೇಳ್ತೀಯ?"

"ಅದು ಕರೀತೈತಲ್ಲೇ!" ಅಂದಳು ಅಜ್ಜಿ.

"ಕರೀಲಿ ಬಿಡು ದೊಡ್ಡಮ್ಮಾ. ಫೋಟೋ ತೆಗ್ಯೋವರ್ಗೂ ಕಾಯ್ಲಿ."

ನಾನು ಹೆಚ್ಚು ಮಾತಾಡುವವಳಲ್ಲ. ಅಪ್ಪನ ಕೈಯಿಂದ ಕತ್ತರಿ ತೆಗೆದುಕೊಂಡು ಮೊಬೈಲ್ ಕೊಟ್ಟೆ.

ಗೋಡೆಯ ಗೆರೆ, ಮೋಟರ್, ಸೀರೆ ಎಲ್ಲದರ ಫೋಟೋ ತೆಗೆದೆವು. ಗುಜರಿಯವನು ಬರಿಗೈಯಲ್ಲಿ ಹೋದ. ಅರ್ಜಿ ಕೊಟ್ಟ ಮೇಲೆ ತಾಲ್ಲೂಕು ಕಚೇರಿಯವರು ಬಂದು ನಷ್ಟ ಬರೆದುಕೊಂಡರು. ಅಪ್ಪ ಬ್ಯಾಂಕಿಗೆ ಹಲವು ಸಲ ಅಲೆದರು. ಕೊನೆಗೆ ಕಂತು ಮುಂದಕ್ಕೆ ಹೋಯಿತು, ರಿಪೇರಿಗೆ ಸಾಲವೂ ಸಿಕ್ಕಿತು. ಸೀರೆಯನ್ನು ಅಜ್ಜಿ ಆಮೇಲೆಯೇ ಕುಯ್ದದ್ದು.

ರಿಪೇರಿಯಾಗಿ ಮಗ್ಗ ಮತ್ತೆ ಓಡುವವರೆಗೂ ಮಧ್ಯಾಹ್ನದ ಆ ಸದ್ದು ಬಿಡಲಿಲ್ಲ. ಮಗ್ಗ ಓಡಿದ ದಿನ ಕಿವಿಗೊಟ್ಟು ಕೇಳಿದೆ. ಆ ಸದ್ದು ಓಡುವ ಮಗ್ಗದ ಸದ್ದಿನೊಳಗೇ ಸೇರಿಹೋಗಿತ್ತು.

ನಮ್ಮ ಬೀದಿಯ ಕೊನೆಯ ಮನೆಯವರು ಯಾರನ್ನೂ ಕೇಳದೆ ಮಗ್ಗ ಮಾರಿಬಿಟ್ಟರು. ಕೋಣೆ ಖಾಲಿ. ಮಧ್ಯಾಹ್ನ ಅಲ್ಲಿಂದ ಇನ್ನೂ ಬರುತ್ತದೆ, ಟಕ್... ಟಕ್...

ನಿಮ್ಮ ಮಗ್ಗಕ್ಕೋ ಅಂಗಡಿಗೋ ನೀರು ನುಗ್ಗಿದರೆ, ತೊಳೆಯುವ ಮೊದಲು ಫೋಟೋ ತೆಗೆಯಿರಿ. ನಷ್ಟವನ್ನು ತಾಲ್ಲೂಕು ಕಚೇರಿಯಲ್ಲಿ ಬರೆಸಿ. ಮಾರುವ ಮೊದಲು ಬ್ಯಾಂಕಿಗೆ ಹೋಗಿ ಬಾಯಿಬಿಟ್ಟು ಕೇಳಿ. ಖಾಲಿ ಕೋಣೆಯ ಸದ್ದಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.