ಎಲೇನ್ ಬಾಯಿಯ ಕೈಗಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಪಿಯುಸ್ ಎಂಬವರು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಕ್ಯಾನ್ವಾಸೊಂದನ್ನು ಶಕ್ತಿನಗರದ ನನ್ನ ಮನೆಗೆ ತಂದರು. ಮೂರು ಅಡಿ ಎತ್ತರ, ಎರಡು ಅಡಿ ಅಗಲ. ಬಿಚ್ಚಿದರೆ, ಕುರ್ಚಿಯಲ್ಲಿ ಕೂತ ಒಬ್ಬ ಹಿರಿಯ ಹೆಂಗಸಿನ ಚಿತ್ರ. ಮುಖ, ಕನ್ನಡಕದ ಹಿಂದಿನ ಕಣ್ಣು, ಬೂದು ಬಣ್ಣದ ಸೀರೆ, ಎಲ್ಲವೂ ಮುಗಿದಿತ್ತು. ಮಡಿಲ ಮೇಲೆ ಕೈಗಳಿರಬೇಕಾದ ಕಡೆ ಮಾತ್ರ ಪೆನ್ಸಿಲಿನ ನಾಲ್ಕಾರು ಮಸುಕು ಗೆರೆಗಳು.

"ನಮ್ಮ ಮಮ್ಮಿ. ಆದಿತ್ಯವಾರಕ್ಕೆ ಎಂಬತ್ತು ತುಂಬ್ತದೆ. ಚರ್ಚಿನಲ್ಲಿ ಪೂಜೆ ಮುಗಿಸಿ ಹಾಲ್‌ನಲ್ಲಿ ಊಟ. ಅಷ್ಟರೊಳಗೆ ಕೈ ಒಂದು ಹಾಕಿ ಕೊಡ್ಬೇಕು," ಎಂದರು ಪಿಯುಸ್. ಕುವೈಟಿನಿಂದ ಒಂದು ತಿಂಗಳ ರಜೆಯಲ್ಲಿ ಬಂದವರು.

"ಯಾರದ್ದು ಈ ಕೆಲಸ?"

"ಪಡೀಲ್‌ನಲ್ಲಿ ಒಬ್ಬ ಮುದುಕ ಇದ್ದಾನೆ, ಶೀನಪ್ಪ ಅಂತ. ಮೊದಲು ಬೋರ್ಡ್ ಬರೀತಿದ್ದವ. ಮೂರು ವಾರದಿಂದ ಇವತ್ತು ನಾಳೆ ಅಂತಾನೆ. ಕೈ ನಡುಗ್ತದೆ ಮೇಡಂ, ನಾನೇ ನೋಡಿದ್ದೇನೆ. ಕೈ ಬಿಡಿಸ್ಲಿಕ್ಕೆ ಅವನಿಂದ ಆಗುದಿಲ್ಲ."

"ಇದು ಇಲ್ಲಿಗೆ ಬಂದದ್ದು ಅವರಿಗೆ ಗೊತ್ತುಂಟಾ?"

ಪಿಯುಸ್ ಬೆಡ್‌ಶೀಟನ್ನು ಮಡಚತೊಡಗಿದರು. "ಮಮ್ಮಿಗೆ ತೋರಿಸಿ ತರ್ತೇನೆ ಅಂತ ಹೇಳಿ ತಂದೆ."

"ಕೈ ಹೇಗಿದೆ ಅವರದ್ದು? ಫೋಟೊ ಉಂಟಾ?"

"ಫೋಟೊ ಎದೆ ತನಕ ಮಾತ್ರ. ಯಾರದ್ದಾದ್ರೂ ಕೈ ಹಾಕಿ, ಮಾರಾಯ್ರೆ. ಕೈ ಯಾರು ನೋಡ್ತಾರೆ? ಅಡಿಯಲ್ಲಿ ನಿಮ್ಮ ಹೆಸರು ಬರೀರಿ. ಇನ್ನೂರು ಜನ ಬರುವ ಹಾಲ್ ಅದು."

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಜನರ ಚಿತ್ರ ಬಿಡಿಸಿ ಕೊಡುವ ಕೆಲಸ ಹಿಡಿದು ನನಗೆ ಮೂರು ವರ್ಷವಾಗಿತ್ತು. ಅಷ್ಟು ಜನರ ಎದುರು ನನ್ನ ಒಂದು ಚಿತ್ರವೂ ನಿಂತಿರಲಿಲ್ಲ. ಮತ್ತು ಆ ಮುಖ ಬಹಳ ಒಳ್ಳೆಯದಿತ್ತು, ನನ್ನಿಂದಾಗುವುದಕ್ಕಿಂತ ಒಳ್ಳೆಯದು. ಕನ್ನಡಕದ ಗಾಜಿನ ಅಂಚಿನಲ್ಲಿ ಕೆನ್ನೆಯ ಗೆರೆ ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಗಾಜು ಬೆಳಕನ್ನು ಬಾಗಿಸುವುದನ್ನು ಗಮನವಿಟ್ಟು ನೋಡಿದವರು ಮಾತ್ರ ಹಾಗೆ ಬಿಡಿಸುತ್ತಾರೆ. ಅದರ ಕೆಳಗೆ ನನ್ನ ಹೆಸರು.

ಕಾಲೇಜಿನಲ್ಲಿ ನಾನು ಓದಿದ್ದು ಸಸ್ಯಶಾಸ್ತ್ರ. ಒಣಗಿಸಿದ ಗಿಡ ಅಂಟಿಸಿದ ಹಾಳೆಗಳಲ್ಲಿ ಹಳಬರು ಗಿಡದ ಹೆಸರು ತಪ್ಪಾಗಿ ಬರೆದಿದ್ದರೂ ಆ ಚೀಟಿಯನ್ನು ಕೀಳುವಂತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ, ನಮ್ಮ ಅಭಿಪ್ರಾಯ, ನಮ್ಮ ಹೆಸರು, ತಾರೀಕು ಬರೆಯಬೇಕು. ಯಾರು ಏನು ಮಾಡಿದರು ಎಂಬುದು ಅಳಿಸಿಹೋಗಬಾರದು. ಚಿತ್ರದ ಕೆಲಸಕ್ಕೆ ಬಂದಾಗ ನಾನು ಇದನ್ನೇ ನಿಯಮ ಮಾಡಿಕೊಂಡೆ: ಇನ್ನೊಬ್ಬರ ಕ್ಯಾನ್ವಾಸಿಗೆ ಅವರ ಬಾಯಿಂದ ಒಪ್ಪಿಗೆ ಬಾರದೆ ಬ್ರಷ್ ಮುಟ್ಟಿಸುವುದಿಲ್ಲ.

"ಮೊದಲು ಅವರನ್ನು ಕೇಳಿ ಬರ್ತೇನೆ," ಎಂದೆ.

"ಅವನನ್ನು ಕೇಳ್ಲಿಕ್ಕೆ ಎಂತ ಉಂಟು? ಚಿತ್ರ ನನ್ನದು."

"ಚಿತ್ರ ನಿಮ್ಮದೇ. ಕೆಲಸ ಅವರದ್ದು. ಸಂಜೆಯೊಳಗೆ ಫೋನ್ ಮಾಡ್ತೇನೆ. ಅಲ್ಲಿವರೆಗೆ ಇದು ಗೋಡೆಗೆ ಒರಗಿ ಇರ್ಲಿ."

ಪಡೀಲ್‌ನಲ್ಲಿ ಬಸ್ ಇಳಿದು ಎರಡು ಕಡೆ ವಿಚಾರಿಸಿದೆ. ಶೀನಪ್ಪ ಗ್ಯಾರೇಜೊಂದರ ಹೊರಗೆ ಸ್ಟೂಲಿನ ಮೇಲೆ ಕೂತು ಖಾಸಗಿ ಬಸ್ಸಿನ ಹಿಂಬದಿಗೆ ಹೆಸರು ಬರೆಯುತ್ತಿದ್ದರು. ಎಪ್ಪತ್ತರ ಆಸುಪಾಸು. ಬ್ರಷ್ ಹಿಡಿದ ಕೈ ಗಾಳಿಯಲ್ಲಿ ಸ್ಪಷ್ಟವಾಗಿ ನಡುಗುತ್ತಿತ್ತು. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲೊಂದನ್ನು ಅಡ್ಡ ಹಿಡಿದಿದ್ದರು. ಮಣಿಕಟ್ಟು ಆ ಕೋಲಿನ ಮೇಲೆ ಇಳಿದೊಡನೆ ನಡುಕ ನಿಲ್ಲುತ್ತಿತ್ತು. ಮೂರು ಅಕ್ಷರ ಮುಗಿಯುವ ತನಕ ನಿಂತು ನೋಡಿದೆ. ಒಂದು ಗೆರೆಯೂ ಅಲುಗಲಿಲ್ಲ.

ತುಳುವಿನಲ್ಲಿ ಪರಿಚಯ ಹೇಳಿಕೊಂಡು, ಕ್ಯಾನ್ವಾಸ್ ನನ್ನ ಮನೆಯಲ್ಲಿದೆ ಎಂದೆ. ಅವರು ಬ್ರಷ್ಷನ್ನು ಡಬ್ಬಿಗೆ ಅಡ್ಡವಿಟ್ಟರು.

"ತಾಯಿಗೆ ತೋರಿಸಿ ತರ್ತೇನೆ ಅಂದಿದ್ರು."

"ಹೌದಂತೆ."

"ಹಾಗಾದ್ರೆ ಮುಗಿಸ್ಲಿಕ್ಕೆ ಬಂದವಳು ನೀನು."

"ಅಲ್ಲ ಶೀನಪ್ಪಣ್ಣ. ಕೇಳ್ಲಿಕ್ಕೆ ಬಂದದ್ದು."

"ಕೇಳಿದ್ರೆ ಬೇಡ ಅಂತೇನೆ."

"ಆಯ್ತು. ಹಾಗಾದ್ರೆ ನಾನು ಮುಟ್ಟುದಿಲ್ಲ."

ಅಷ್ಟು ಬೇಗ ಒಪ್ಪಿದ್ದು ಅವರಿಗೆ ಅನುಮಾನ ತಂದಿರಬೇಕು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಂತ ಮಗಾ, ಇದನ್ನು ಹೇಳ್ಲಿಕ್ಕೆ ಬಸ್ಸಿಗೆ ಬಂದದ್ದಾ? ಈಗಿನವರು ಫೋನ್ ಸಹ ಮಾಡುದಿಲ್ಲ."

"ನಿಮ್ಮ ನಂಬರ್ ಅವರು ಕೊಡ್ಲಿಲ್ಲ."

ಅವರು ನಕ್ಕರು. ಕೈ ಯಾಕೆ ಬಾಕಿ ಉಳಿಯಿತೆಂದು ಆಗ ಕೇಳಿದೆ.

"ಕೈ ನೋಡದೆ ನಾನು ಬಿಡಿಸುದಿಲ್ಲ. ಮುಖಕ್ಕೆ ಫೋಟೊ ಸಾಕು, ಕೈಗೆ ಸಾಲುದಿಲ್ಲ. ಒಂದು ಗಂಟೆ ತಾಯಿಯನ್ನು ಕರ್ಕೊಂಡು ಬನ್ನಿ ಅಂತ ಮೂರು ಸಲ ಹೇಳಿದೆ. ಅವರಿಗೆ ಮೊಣಕಾಲಿನ ಗಂಟು ನೋವಂತೆ. ಮತ್ತೆ ಮಗ ಎಂತ ಕಳಿಸಿದ್ರು ಗೊತ್ತುಂಟಾ? ಮೊಬೈಲಿನಲ್ಲಿ ಯಾವುದೋ ಹುಡುಗಿಯ ಕೈ. ಕೆಂಪು ನೈಲ್ ಪಾಲಿಶ್ ಹಾಕಿದ್ದು. ಮುಖಕ್ಕೆ ಎಂಬತ್ತು, ಕೈಗೆ ಇಪ್ಪತ್ತು. ಜನ ನಗುದು ಅವರನ್ನು ನೋಡಿ ಅಲ್ಲ, ನನ್ನನ್ನು ನೋಡಿ."

"ನೀವೇ ಅವರ ಮನೆಗೆ ಹೋಗ್ಬಹುದಿತ್ತಲ್ಲಾ?"

"ಕರೆಯದೆ ಹೋಗುದು ಹೇಗೆ? ಬೋರ್ಡ್ ಬರಿಯುವವ ಜಗಲಿಯಲ್ಲಿ ಬಂದು ಕೂತ ಅಂತ ಆಗ್ಬಾರ್ದು."

ಒಬ್ಬರು ಕರೆದಿರಲಿಲ್ಲ, ಇನ್ನೊಬ್ಬರು ಮನೆಗೆ ಬರಲೇ ಎಂದು ಕೇಳಿರಲಿಲ್ಲ. ಮೂರು ವಾರ ಹೋದದ್ದು ಇಷ್ಟಕ್ಕೇ. ಅಲ್ಲೇ ನಿಂತು ಪಿಯುಸ್‌ಗೆ ಫೋನ್ ಮಾಡಿದೆ. ನಾನು ಕೈ ಹಾಕುವುದಿಲ್ಲ, ಇವರು ನಾಳೆ ವಾಮಂಜೂರಿನ ನಿಮ್ಮ ಮನೆಗೆ ಬಂದು ತಾಯಿಯನ್ನು ನೋಡಿ ಮುಗಿಸುತ್ತಾರೆ ಎಂದೆ.

"ಅವನಿಂದ ಆಗುದಿಲ್ಲ ಅಂತ ಹೇಳಿದ್ದೇನಲ್ಲಾ? ನಿಮಗೆ ಆಗುದಿಲ್ಲ ಅಂದ್ರೆ ಬೇರೆಯವರಿದ್ದಾರೆ. ಡ್ರೈವರನ್ನು ಕಳಿಸ್ತೇನೆ, ಕೊಟ್ಬಿಡಿ."

ಕ್ಯಾನ್ವಾಸ್ ಅವರದ್ದು, ಇಟ್ಟುಕೊಳ್ಳುವ ಹಕ್ಕು ನನಗಿಲ್ಲ. ಡ್ರೈವರ್ ಕೈಗೆ ಕೊಟ್ಟರೆ ಮೂರನೆಯ ಯಾರೋ ಕೆಂಪು ಉಗುರಿನ ಕೈ ಅಂಟಿಸುತ್ತಾರೆ.

"ಮಮ್ಮಿಗೆ ತೋರಿಸ್ತೇನೆ ಅಂತ ಹೇಳಿ ತಂದದ್ದು ನೀವು, ಪಿಯುಸ್ ಸರ್. ಇನ್ನೂ ತೋರಿಸ್ಲಿಲ್ಲ. ನಾಳೆ ಒಂಬತ್ತಕ್ಕೆ ನಾನೇ ತರ್ತೇನೆ. ಶೀನಪ್ಪಣ್ಣನೂ ಬರ್ತಾರೆ. ಅವರನ್ನು ನೀವು ಕರೀಬೇಕು. ಇಲ್ಲೇ ಇದ್ದಾರೆ, ಕೊಡ್ತೇನೆ."

ಉತ್ತರಕ್ಕೆ ಕಾಯದೆ ಫೋನನ್ನು ಶೀನಪ್ಪಣ್ಣನ ಕಿವಿಗೆ ಹಿಡಿದೆ. ಅವರು ಹೇಳಿದ್ದು ಎರಡೇ ಮಾತು: "ಹ್ಞಾಂ", "ಬರ್ತೇನೆ".

ಮರುದಿನ ವಾಮಂಜೂರಿನ ಮನೆಯ ಜಗಲಿಯಲ್ಲಿ ಕ್ಯಾನ್ವಾಸ್ ನಿಲ್ಲಿಸಿದೆವು. ಪಿಯುಸ್ ಬಾಗಿಲಿಗೆ ಒರಗಿ ಮುಖ ಗಂಟಿಕ್ಕಿ ನಿಂತಿದ್ದರು. ಅವರ ತಾಯಿ ಎಲೇನ್ ಬಾಯಿ ಗೋಡೆ ಹಿಡಿದುಕೊಂಡು ಬಂದು ಕೂತರು. ನಲವತ್ತು ವರ್ಷ ನರ್ಸ್ ಆಗಿದ್ದವರು. ಚಿತ್ರವನ್ನು ತುಂಬ ಹೊತ್ತು ನೋಡಿದರು.

"ಮುಖ ನನ್ನದೇ. ಕೈ ಎಲ್ಲಿ?"

"ಅದನ್ನೇ ನೋಡ್ಲಿಕ್ಕೆ ಬಂದದ್ದು, ಬಾಯಿ," ಎಂದರು ಶೀನಪ್ಪಣ್ಣ.

"ಈ ಮಗ ನನಗೆ ಹೇಳ್ಬೇಕಲ್ಲಾ? ನಾನು ಎಲ್ಲಿಗೂ ಬರುದಿಲ್ಲ ಅಂತ ಯಾರು ಹೇಳಿದ್ದು? ಮೊನ್ನೆ ಮೂರು ಮೈಲು ದೂರದ ಮದುವೆಗೆ ಹೋಗಿ ಬಂದೆ."

"ಮಮ್ಮಿ, ರೋಜರಿ ಸರ ಹಿಡ್ಕೊಂಡು ಕೂತ್ಕೊಳ್ಳಿ," ಎಂದರು ಪಿಯುಸ್.

"ಪ್ರಾರ್ಥನೆ ಮಾಡುವಾಗ ಹಿಡೀತೇನೆ. ಈಗ ಅಲಸಂಡೆ ತಾ, ಪಲ್ಯಕ್ಕೆ ಮುರೀಲಿಕ್ಕುಂಟು."

ಅಲಸಂಡೆಯ ಬುಟ್ಟಿ ಬಂತು. ಗಂಟುಕಟ್ಟಿದ ಬೆರಳುಗಳು, ಬಲಗೈಯ ತೋರುಬೆರಳು ಸ್ವಲ್ಪ ಹೊರಕ್ಕೆ ಬಾಗಿದ್ದು. ಯಾವ ಫೋಟೊದಿಂದಲೂ ಅದನ್ನು ನಾನು ಊಹಿಸುತ್ತಿರಲಿಲ್ಲ. ಶೀನಪ್ಪಣ್ಣ ಆ ಕೈಗಳನ್ನು ಬಹಳ ಹೊತ್ತು ನೋಡಿ, ಪೆನ್ಸಿಲ್ ಎತ್ತಿಕೊಂಡರು. ಕೈ ನಡುಗಿತು.

ಪಿಯುಸ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಿದ್ರಾ? ಆದಿತ್ಯವಾರಕ್ಕೆ ಆಗ್ತದಾ ಇದು?"

"ಅವರನ್ನು ಕೇಳಿ," ಎಂದೆ. ದನಿ ತಗ್ಗಿಸಲಿಲ್ಲ.

ಶೀನಪ್ಪಣ್ಣ ತಿರುಗಿ ನೋಡದೆ, ಬಟ್ಟೆ ಸುತ್ತಿದ ಕೋಲನ್ನು ಎಡಗೈಯಲ್ಲಿ ಹಿಡಿದು ಕಾದರು. ಎಲೇನ್ ಬಾಯಿಯೂ ಅಲಸಂಡೆ ಮುರಿಯುವುದನ್ನು ನಿಲ್ಲಿಸಿ ಮಗನತ್ತ ನೋಡಿದರು.

"ಶೀನಪ್ಪಣ್ಣ," ಎಂದರು ಪಿಯುಸ್. "ಆದಿತ್ಯವಾರಕ್ಕೆ ಆಗ್ತದಾ?"

"ಬಣ್ಣ ಪಡೀಲ್‌ನಲ್ಲಿ ಹಾಕ್ತೇನೆ, ಶನಿವಾರ ಸಂಜೆ ಬನ್ನಿ. ನೀವೇ ಬನ್ನಿ, ಡ್ರೈವರನ್ನು ಕಳಿಸ್ಬೇಡಿ. ಬಾಯಿ, ನೀವು ನಿಲ್ಲಿಸ್ಬೇಡಿ, ಮುರೀರಿ."

ನಾನು ಚಪ್ಪಲಿ ಮೆಟ್ಟಿಕೊಂಡೆ. ಅಲ್ಲಿ ನನಗೆ ಇನ್ನು ಕೆಲಸವಿರಲಿಲ್ಲ.