ಫ್ಲೈವೀಲಿನ ಮೇಲಿನ ನೀಲಿ

ಎಣ್ಣೆಯ ಹನಿ ಕೆನ್ನೆಗೆ ಬಿತ್ತು, ತಣ್ಣಗಿದೆ, ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಗೇರ್‌ಬಾಕ್ಸಿನ ಅಡಿ, ಅದರ ಭಾರವೆಲ್ಲ ಕಾರಿನ ಕೆಳಗೆ ಅಂಗಾತ ಮಲಗಿದ ಡೋರೀನಳ ಎದೆಯ ಮೇಲೆ, ಹನ್ನೊಂದು ವರ್ಷದ ಸಂಸಾರದಲ್ಲಿ ಹೊತ್ತದ್ದು ಇದೊಂದೇ ಅಲ್ಲ ಬಿಡು — ಮೆಲ್ಲಗೆ, ಹಾಂ, ನೆಲಕ್ಕಿಳಿಯಿತು. ಅಡುಗೆಮನೆಯಿಂದ ಕರ್ಟ್ ಕೂಗುತ್ತಾನೆ, ಆಯ್ತೇನೇ, ಸಂಜೆಗೆ ಕಾರು ಬೇಕು ಕಣೇ, ಮೆಕ್ಯಾನಿಕ್ ಮಗಳನ್ನ ಕಟ್ಕೊಂಡೋನೇ ಪುಣ್ಯವಂತ ಎಂದು ಗೆಳೆಯರೆದುರು ಬಿಯರ್ ಹಿಡಿದು ನಗುವ ಗಂಡ, ಬಿಚ್ಚಲು ಕೊಡುತ್ತಾನೆ, ಓಡಿಸಲು ಕೊಡುವುದಿಲ್ಲ, ಬೇಡ ಮಾರಾಯ್ತಿ, ಇದು ಸ್ಪೋರ್ಟ್ಸ್ ಕಾರು, ಕ್ಲಚ್ ಸುಟ್ಟುಹಾಕ್ತೀಯ — ಹದಿನಾಲ್ಕಕ್ಕೇ ಟೊಲೀಡೊ ಊರಲ್ಲಿ ಅಪ್ಪನ ಗ್ಯಾರೇಜಿನ ಲಾರಿ ಓಡಿಸಿದವಳಿಗೆ ಈ ಮಾತು! ತುಕ್ಕು ಹಿಡಿದ ಬೋಲ್ಟುಗಳು ಕಿರುಗುಟ್ಟುತ್ತ ಸಡಿಲಾದವು, ಕ್ಲಚ್ ಪ್ಲೇಟು ಕೈಗೆ ಬಂತು, ಮೂಗಿಗಡರುವ ಸುಟ್ಟ ನಾತ, ಕಳೆದ ಬೇಸಿಗೆಯಲ್ಲಷ್ಟೇ ತಾನೇ ಹಾಕಿದ್ದು, ಇಷ್ಟು ಬೇಗ ಸವೆಯಬಾರದು, ಟಾರ್ಚಿನ ಬೆಳಕು ಬಿಟ್ಟಳು, ಪ್ಲೇಟು ಒತ್ತಿಕೊಂಡಿದ್ದ ಇಂಜಿನ್ನಿನ ಚಕ್ರ, ಆ ಫ್ಲೈವೀಲಿನ ಮೇಲೆ ಕಾವಿಗೆ ಮೂಡಿದ ನೀಲಿ ಕಲೆಗಳು, ಹೆಬ್ಬೆರಳಷ್ಟಷ್ಟು. ನೋಡು ಮಗಳೇ, ಇದು ಹೊಸದಾಗಿ ಕಲಿಯೋರ ಕಾಲಿನ ಗುರುತು, ಪೆಡಲ್ ಪೂರ್ತಿ ಬಿಡೋಕೆ ಹೆದರಿ ಅರ್ಧಕ್ಕೇ ಹಿಡ್ಕೊಂಡು ಸುಡ್ತಾರೆ, ಅಪ್ಪ ಸತ್ತು ಎಷ್ಟು ಕಾಲವಾಯಿತು, ಈಗಲೇ ಬಂದು ಹೇಳಬೇಕಿತ್ತೇ, ಕರ್ಟ್ ಇಪ್ಪತ್ತು ವರ್ಷದಿಂದ ಗೇರು ಹಾಕುತ್ತಿರುವವನು, ಹಾಗಾದರೆ ಕಲಿತದ್ದು ಯಾರು —

ಸೀಟು. ಟ್ರಕ್ಕಿನವನು ನಿನ್ನೆ ಎಳೆದು ತಂದು ಬಿಟ್ಟುಹೋದ ಕಾರನ್ನು ಬೆಳಿಗ್ಗೆ ಗ್ಯಾರೇಜಿಗೆ ದೂಡುವಾಗ ಕರ್ಟ್ ಹಿಂದೆ, ಸ್ಟಿಯರಿಂಗ್ ಹಿಡಿದು ಅವಳು ಒಳಗೆ, ಆ ಸೀಟಿನಲ್ಲಿ ಮೊದಲ ಸಲ, ಆರಡಿ ಗಂಡನ ಸೀಟಿನಲ್ಲಿ ಕೂತರೂ ಐದಡಿಯವಳ ಕಾಲು ಸಲೀಸಾಗಿ ಪೆಡಲಿಗೆ ತಲುಪಿತ್ತು, ನನಗೆಂದೇ ಮುಂದಕ್ಕೆಳೆದಿಟ್ಟಿದ್ದಾನೆ ಎಂದು ಎಷ್ಟು ಖುಷಿಪಟ್ಟೆ, ಥೂ, ನಾಚಿಕೆಯಾಗಬೇಕು. ಯಾವುದೋ ಖಾಲಿ ಪಾರ್ಕಿಂಗಿನಲ್ಲಿ, ಗೇರಿನ ಮೇಲೆ ಯಾವಳೋ ಗಿಡ್ಡಿಯ ಕೈ, ಆ ಕೈ ಮೇಲೆ ಇವನ ಕೈ, ಹೆದರಬೇಡ, ಸುಟ್ರೆ ಸುಡ್ಲಿ, ನಮ್ಮನೇಲಿ ಹಾಕೋರಿದ್ದಾರೆ — ಹೌದು, ಇದ್ದಾಳೆ, ಡಬ್ಬಿಯಲ್ಲಿ ಹೊಸ ಪ್ಲೇಟು ಹೊಳೆಯುತ್ತಿದೆ, ಇದನ್ನು ಕೂರಿಸಿದರೆ ಪೆಡಲು ಬೆಣ್ಣೆಯಂತೆ ಇಳಿಯುತ್ತದೆ, ಆ ಕಾಲಿಗೆ. ಬಾಗಿಲ ಬಳಿ ಕರ್ಟನ ಚಪ್ಪಲಿ, ಯಾಕೇ ಸದ್ದೇ ಇಲ್ಲ, ಹೋದ್ಸಲ ನೀನು ಅಗ್ಗದ ಸಾಮಾನು ಹಾಕಿದ್ದೆ ಅನ್ಸುತ್ತೆ ಕಣೇ, ಅದಕ್ಕೇ ಹೋಯ್ತು, ಅವಳು ಬಟ್ಟೆ ತೆಗೆದುಕೊಂಡು ಫ್ಲೈವೀಲನ್ನು ಉಜ್ಜಿದಳು, ಮಸಿ ಹೋಯಿತು, ನೀಲಿ ಹೋಗಲಿಲ್ಲ, ಇನ್ನೊಮ್ಮೆ ಉಜ್ಜಿದಳು, ತೋಳು ನೋಯುವಷ್ಟು, ನೀಲಿ, ಹೆಬ್ಬೆರಳಷ್ಟು ನೀಲಿ