ಹಸಿದ ಕೌದಿ

ಗಾಳೇಶ ಕಚೇರಿಯಿಂದ ಮರಳಿದಾಗ ಕೌದಿ ಮಂಚದ ಮೇಲೆ ಮಡಚಿಟ್ಟಿತ್ತು. ಅದರ ನಾಲ್ಕೂ ಮೂಲೆಗಳು ಮುಚ್ಚಿದ್ದವು.

ಅವನು ನಿಂತಲ್ಲೇ ನಿಂತ. ಇಪ್ಪತ್ತನಾಲ್ಕು ವರ್ಷ ಆ ಕೌದಿಯ ಒಂದು ಮೂಲೆ, ಅಂಗೈ ತೂರುವಷ್ಟು, ತೆರೆದೇ ಇತ್ತು. ಈಗ ಅಲ್ಲಿ ಹಸಿರು ದಾರದ ಹೊಸ ಹೊಲಿಗೆ.

"ಯಾರು ಮುಚ್ಚಿದ್ರು ಇದನ್ನ?"

"ನಾನ ರೀ," ಎಂದಳು ಹೆಂಡತಿ ಹೇಮಾ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ. "ನಿಮ್ಮ ಮಗಳು ಧಾರವಾಡಕ್ಕ ಒಯ್ತೀನಿ ಅಂದ್ಳು. ಹಾಸ್ಟೆಲಿನ್ಯಾಗ ಹರಕ ಕೌದಿ ಹೊತ್ಕೊಂಡ್ರ ಹುಡಿಗ್ಯಾರು ನಗೂದಿಲ್ಲೇನು?"

"ಒಂದ ಮಾತು ಕೇಳಬೇಕಿಲ್ಲೇನು? ಬರೇ ಹೊಟ್ಟೀಲೆ ಹೊಲದ ಇಟ್ಟೀಯಲ್ಲ!"

ತನ್ನ ದನಿ ಏರಿದ್ದಕ್ಕೆ ಅವನೇ ಬೆಚ್ಚಿದ. ರೊಟ್ಟಿ ಬಡಿಯುವ ಸದ್ದು ನಿಂತಿತು.

ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವ ಹೆಂಗಸರು ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಳಗೊಂದು ರೊಟ್ಟಿಯ ಚೂರು ಇಡುತ್ತಾರೆ. ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡದು ಎನ್ನುತ್ತಿದ್ದಳು ಅವನ ಸೋದರತ್ತೆ ಮುದಕಮ್ಮ.

ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳು. ಗಂಗಾವತಿಯ ಕಾಲೇಜಿನಲ್ಲಿದ್ದ ಹತ್ತೊಂಬತ್ತರ ಗಾಳೇಶ ಒಂದು ಮುಂಜಾನೆ ಪುಸ್ತಕಗಳನ್ನು ಕೋಣೆಯಲ್ಲೇ ಬಿಟ್ಟು ಬಸ್ಸು ಹತ್ತಿದ. ಕುಷ್ಟಗಿಯ ತನ್ನ ಮನೆಗೆ ಹೋಗಲಿಲ್ಲ. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಅತ್ತೆಯ ಮನೆಯ ಕಟ್ಟೆಗೆ ಬಂದು ಕುಳಿತ. ಬದುಕು ಸಾಕು ಎಂಬ ಒಂದೇ ಮಾತು ತಿಂಗಳುಗಳಿಂದ ಅವನೊಳಗೆ ಗಿರಣಿಯ ಕಲ್ಲಿನಂತೆ ತಿರುಗುತ್ತಿತ್ತು. ಯಾಕೆಂದು ಯಾರಾದರೂ ಕೇಳಿದ್ದರೆ ಕೊಡಲು ಅವನ ಬಳಿ ಕಾರಣವಿರಲಿಲ್ಲ. ಮೋಡವಿಲ್ಲದೆಯೇ ಕವಿದ ಮಬ್ಬು ಅದು. ಹಸಿವೂ ಅದರಲ್ಲಿ ಕಳೆದುಹೋಗಿತ್ತು.

ಮುದಕಮ್ಮ ಕೌದಿ ಹೊಲಿಯುತ್ತಿದ್ದಳು. ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಿಕೊಡು ಎಂದಳು. ಪೋಣಿಸುತ್ತ ಅವನು, "ಅತ್ತಿ, ನನಗ ಇರಬೇಕು ಅನ್ನಸವಲ್ದು," ಎಂದ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಅವನತ್ತ ತಿರುಗಿ ಕುಳಿತಳು.

"ಎಷ್ಟು ದಿನಾ ಆತು ಹಿಂಗ?"

"ಯುಗಾದಿ ಕಡಿಂದ."

"ಅಷ್ಟು ದಿನಾ ಒಬ್ಬನ ಹೊತ್ಕೊಂಡು ತಿರಗೀಯೇನೋ ಹುಚ್ಚಪ್ಪ? ನಾ ಏನ್ ಸತ್ತಿದ್ನೇನು?"

ಮರುದಿನವೇ ಅವನನ್ನು ಕೊಪ್ಪಳದ ದವಾಖಾನೆಗೆ ಕರೆದೊಯ್ದಳು. ಆಮೇಲೂ ಎರಡು ವರ್ಷ, ತಿಂಗಳಿಗೊಮ್ಮೆ, ಡಾಕ್ಟರ ಬಾಗಿಲ ಹೊರಗೆ ಚೀಲದಿಂದ ಕೌದಿ ತೆಗೆದು ಹೊಲಿಯುತ್ತ ಕುಳಿತಳು. ಕೊನೆಯ ಮೂಲೆಗೆ ಬಂದಾಗ ದಾರ ಕಡಿದಳು.

"ಇದು ನಿಂದು. ಮೂಲಿ ಮುಚ್ಚಂಗಿಲ್ಲ. ಹಸಿವ್ಯಾಗೇತಿ ಅಂತ ನೀನಾಗೇ ಯಾವತ್ತು ಅಂತೀ, ಆವತ್ತು ಇದಕ್ಕೂ ನಿನಗೂ ಕೂಡೇ ರೊಟ್ಟಿ. ಅಲ್ಲೀತನಕಾ ಇಬ್ರೂ ಕಾಯ್ರಿ."

ಅಂದಿನಿಂದ ಅವನು ಊರಿಗೆ ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಮುಚ್ಚೂಣೇನಲೇ?"

"ಇನ್ನೂ ಇಲ್ಲ, ಅತ್ತಿ."

ಕೊಪ್ಪಳದಲ್ಲಿ ನೌಕರಿ ಸಿಕ್ಕಿತು, ಹೇಮಾ ಬಂದಳು, ಅಂಜಲಿ ಹುಟ್ಟಿದಳು. ಹೊಸ್ತಿಲಲ್ಲೇ ಕಾದಿರುತ್ತಿದ್ದ ಆ ಯೋಚನೆ ಬರಬರುತ್ತ ದೂರದ ನೆಂಟನಂತಾಯಿತು. ಒಂದು ವರ್ಷ ಕುಷ್ಟಗಿಯ ದಾರಿಯಲ್ಲಿ, ಬಸ್ಸಿನ ಕಿಟಕಿಯಾಚೆ ದಾಳಿಂಬೆ ತೋಟಗಳು ಕೆಂಪಾಗಿ ಹಿಂದೆ ಸರಿಯುತ್ತಿದ್ದಾಗ, ಈ ವರ್ಷ ಅದು ಬರಲೇ ಇಲ್ಲವಲ್ಲ ಎಂದು ಅವನಿಗೆ ಹೊಳೆಯಿತು. ಆ ಸಂಜೆಯೂ ಅತ್ತೆ ಕೇಳಿದಳು. ಆ ಸಂಜೆಯೂ ಅವನು, ಇನ್ನೂ ಇಲ್ಲ ಎಂದ.

ಮೂಲೆ ಮುಚ್ಚಿದರೆ ಪ್ರಶ್ನೆಯೂ ಮುಚ್ಚಿಹೋಗುತ್ತಿತ್ತು. ಜಗತ್ತಿನಲ್ಲಿ ಅವನನ್ನು ಹಾಗೆ ಕೇಳುವವರು ಮತ್ತಾರೂ ಇರಲಿಲ್ಲ. ಹೀಗೆ ವರ್ಷಗಳು ಹೋದವು. ಎರಡು ಸಾವಿರದ ಹದಿನಾಲ್ಕರಲ್ಲಿ ಮುದಕಮ್ಮನೂ ಹೋದಳು, ಅದೇ ಸುಳ್ಳನ್ನು ಕೇಳಿಸಿಕೊಂಡು.

ಹೇಮಾ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತಳು. "ಹೊಟ್ಟಿ ತುಂಬಸದ ಹೊಲದಿದ್ದು ತಪ್ಪಾತು. ಆದ್ರ ಅದನ್ನ ಯಾಕ ಬಿಟ್ಟಿದ್ರಿ ಅಂತ ನನಗ ಯಾರು ಹೇಳ್ಯಾರ?"

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಒಳಕೋಣೆಯಲ್ಲಿ ಅಂಜಲಿ ಪೆಟ್ಟಿಗೆ ತುಂಬುವ ಸದ್ದು ಕೇಳುತ್ತಿತ್ತು. ಅವಳಿಗೀಗ ಹದಿನೆಂಟು. ಗಾಳೇಶ ಮಂಚದ ಅಂಚಿಗೆ ಕುಳಿತ. ಅತ್ತೆಯ ಕಟ್ಟೆಯ ಮೇಲೆ ಆಡಿದ್ದ ಮಾತನ್ನು ದವಾಖಾನೆ ಬಿಟ್ಟರೆ ಎರಡನೆಯ ಸಲ, ಇನ್ನೊಬ್ಬರಿಗೆ, ಮೊದಲಿನಿಂದ ಕೊನೆಯವರೆಗೆ ಹೇಳಿದ.

ಹೇಮಾ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಈಗೂ ಬರತೈತೇನ್ರಿ ಅದು?"

"ಯಾವಾಗರ ಒಮ್ಮೆ. ಬಂದ್ರೂ ಕುಂದ್ರೂದಿಲ್ಲ."

"ಬಂದಾಗ ನನಗ ಹೇಳ್ರಿ. ನಾ ಏನ್ ಊರಾಗ ಇಲ್ಲೇನು?"

ಅವನು ತಲೆಯಾಡಿಸಿದ. "ಅಕಿಗೆ ಸುಳ್ಳ ಹೇಳಿದೆ ಹೇಮಾ. ಚಿಂತ್ಯಾಗ ಇಟ್ಟು ಕಳಸಿದೆ."

"ಅವರಿಗೆ ಗೊತ್ತಿತ್ರಿ."

ಅವನು ತಲೆಯೆತ್ತಿದ.

"ಕಡೀ ವರ್ಷ ನನ್ನ ಮುಂದ ಅಂದಿದ್ರು. 'ನಿನ್ನ ಗಂಡ ಮೂರು ರೊಟ್ಟಿ ತಿಂದು ನಾಕನೇದಕ್ಕ ಕೈ ಚಾಚಿ, ಇನ್ನೂ ಇಲ್ಲ ಅತ್ತಿ ಅಂತಾನ. ಕೇಳಿಸ್ಕೊಳ್ಳಾಕ ಬೇಕಾಗೇತಿ ಅವಂಗ. ಕೇಳಾಕ ನನಗೂ ಬೇಕಾಗೇತಿ,' ಅಂತ. ಏನು ಎತ್ತ ಅಂತ ನನಗ ತಿಳಿಲಿಲ್ಲ. ನಕ್ಕು ಬಿಟ್ಟೆ."

ಗಾಳೇಶ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡ. ಆಮೇಲೆ ಎದ್ದು ಬ್ಲೇಡು ತಂದು, ಹಸಿರು ದಾರವನ್ನು ಒಂದೊಂದೇ ಹೊಲಿಗೆಯಾಗಿ ಬಿಚ್ಚಿದ. ಹೇಮಾ ಹಂಚಿನ ಮೇಲೆ ಹೊಸದೊಂದು ರೊಟ್ಟಿ ಬೇಯಿಸಿ ತಂದು ಎರಡಾಗಿ ಮುರಿದಳು.

"ಮುಚ್ಚೂಣೇನ್ರಿ?"

ಮಾತು ಅದೇ, ದನಿ ಬೇರೆ. ಕೊನೆಯಲ್ಲೊಂದು 'ಲೇ' ಎಲ್ಲಿಂದಲಾದರೂ ಬಂದೀತೇ ಎಂದು ಅವನು ಕ್ಷಣಕಾಲ ಕಿವಿಗೊಟ್ಟ. ಬೀದಿಯಲ್ಲಿ ಆಟೋ ಹಾದುಹೋಯಿತು, ಅಷ್ಟೇ.

"ಹಸಿವ್ಯಾಗೇತಿ," ಎಂದ, ಬೇಕಾದ್ದಕ್ಕಿಂತ ಗಟ್ಟಿಯಾಗಿ.

ಅಂಜಲಿ ಬಾಗಿಲಿಗೆ ಬಂದಳು. "ಅಪ್ಪಾ, ಅವ್ವ ಹೊಲದದ್ದನ್ನ ಮತ್ಯಾಕ ಬಿಚ್ಚೀರಿ? ನಾಳೆ ಮುಂಜಾನೆ ಬಸ್ ಐತಿ ನಂದು!"

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಕುಂದ್ರು ಬಾ ಮಗಳ. ಸೂಜಿಗೆ ದಾರ ಪೋಣಿಸಿ ಕೊಡು. ಹೊಲಿಕೋತ ಹೇಳ್ತೀನಿ."